ಅಕ್ಕನ ಕಾಲು, ದಾಜಿಯ ಸ್ಟೇರಿಂಗ್

ನಮ್ಮ ದಾಜಿ ಹುಚ್ಚರಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಕ್ಷೇಮ, ಯಾಕೆಂದರೆ ಮುಂದಿನದನ್ನೆಲ್ಲ ಓದಿದ ಮೇಲೆ ಹೇಳಿದರೆ ನೀವು ನಂಬುವುದಿಲ್ಲ!

ದಾಜಿ ಎಂದರೆ ಅಕ್ಕನ ಗಂಡ. ನಮ್ಮ ನಿಪ್ಪಾಣಿ ಕಡೆ ಕನ್ನಡದವರೂ ಮರಾಠಿಯವರೂ ಹಾಗೇ ಕರೆಯುತ್ತೇವೆ. ನಮ್ಮ ದಾಜಿ ರಾಯಬಾಗ ತಾಲ್ಲೂಕಿನ ದಿಗ್ಗೇವಾಡಿಯವರು, ಹಿಂದಿ ಕಲಿಸಿ ನಿವೃತ್ತರಾದ ಮಾಸ್ತರರು. ಸೀಮೆಸುಣ್ಣಕ್ಕಿಂತ ಭಾರವಾದ ವಸ್ತುವನ್ನು ಜೀವಮಾನದಲ್ಲಿ ಎತ್ತಿದವರಲ್ಲ. ಮನೆಯಲ್ಲಿ ಬಲ್ಬು ಹೋದರೆ ಅಕ್ಕ ಸ್ಟೂಲು ಹತ್ತಬೇಕಿತ್ತು, ಇವರು ಕೆಳಗೆ ನಿಂತು "ಸಾವಕಾಶ, ಸಾವಕಾಶ" ಎನ್ನಬೇಕಿತ್ತು. ಇಂಥವರು ಒಂದು ದಿನ ನನ್ನ ಅಂಗಡಿಗೆ ಬಂದು, ಕುರ್ಚಿಯಲ್ಲಿ ಕೂತು, ಚಹಾ ಕುಡಿದು, ಕಪ್ಪು ಕೆಳಗಿಟ್ಟು, "ಶೇಠ, ನಾ ಒಂದ ಟ್ರಕ್ ಕಟ್ಟಾಂವ ಅದೀನಿ" ಎಂದರು. ನನ್ನ ಬಾಯಿಗೆ ಹೋಗುತ್ತಿದ್ದ ಚಹಾ ಅಂಗಿಗೆ ಹೋಯಿತು.

ನನ್ನನ್ನು ಅವರು ಶೇಠ ಎನ್ನುವುದು ಗೇಲಿಗೆ. ನಾನು ಹಳೆಯ ಯಂತ್ರಗಳ ವ್ಯಾಪಾರಿ. ಬೋರಗಾಂವದಲ್ಲಿ ನಿಂತುಹೋದ ಮಗ್ಗಗಳ ಬಿಡಿಭಾಗಗಳನ್ನು ಚೀಲದಲ್ಲಿ ಹೊತ್ತು ತಂದು ಮಾರುವುದರಿಂದ ಶುರುಮಾಡಿದವನು. ಈಗ ದೇವರ ದಯೆಯಿಂದ ಚೀಲ ಹೊರುವುದಿಲ್ಲ, ಆದರೆ ಚೌಕಾಶಿ ಬಿಟ್ಟಿಲ್ಲ. ಸಲಹೆ ಕೊಡುವುದನ್ನಂತೂ ಬಿಟ್ಟೇ ಇಲ್ಲ. ಕೇಳದಿದ್ದರೂ ಕೊಡುತ್ತೇನೆ. ಈ ಪ್ರಬಂಧದಲ್ಲೂ ಅಲ್ಲಲ್ಲಿ ಸಿಗುತ್ತವೆ, ಪುಕ್ಕಟೆ, ಇಟ್ಟುಕೊಳ್ಳಿ.

"ಟ್ರಕ್ ಯಾಕ್ರಿ ದಾಜಿ?" ಎಂದೆ.

"ನಿಮ್ಮ ಅಕ್ಕ ಪಂಚಮಿಗೆ ತವರಿಗೆ ಬರಬೇಕಲ್ಲ, ಅದಕ್ಕ."

ಇಲ್ಲಿ ಅಕ್ಕನ ಕಾಲಿನ ವಿಷಯ ಹೇಳಲೇಬೇಕು. ಅಕ್ಕ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದಿದ್ದಳು. ಆಪರೇಶನ್ ಆಯಿತು, ಒಳಗೆ ಉಕ್ಕಿನ ಪಟ್ಟಿ ಕೂತಿತು, ನೋವು ಹೋಯಿತು. ಆದರೆ ಎಡಗಾಲು ಮಡಚುವುದನ್ನು ಮರೆತೇಬಿಟ್ಟಿತು. ನಿಂತರೆ ಸರಿ, ನಡೆದರೆ ಸರಿ, ಕೂತರೆ ಮಾತ್ರ ಕಾಲು ಬಂದೂಕಿನಂತೆ ನೆಟ್ಟಗೆ ಮುಂದಕ್ಕೆ ಚಾಚಿರಬೇಕು. ಬಸ್ಸಿನಲ್ಲಿ ಕೂತರೆ ಕಂಡಕ್ಟರ್ ಎಡವುತ್ತಾನೆ. ಆಟೋದಲ್ಲಿ ಕೂತರೆ ಕಾಲು ರಸ್ತೆಯ ಮೇಲೆ ಬರುತ್ತದೆ. ನನ್ನ ಕಾರಿನ ಮುಂದಿನ ಸೀಟನ್ನು ಹಿಂದೆ ಹೋಗುವಷ್ಟೂ ಸರಿಸಿ ನೋಡಿದೆ, ಕಾಲು ಇನ್ನೂ ಗೇಣುದ್ದ ಹೆಚ್ಚು! ಹಿಂದಿನ ಸೀಟಿನಲ್ಲಿ ಅಡ್ಡ ಮಲಗಿಸಿ ಕರೆದೊಯ್ಯುತ್ತೇನೆ ಎಂದದ್ದಕ್ಕೆ ಅಕ್ಕ ನನ್ನನ್ನು ನುಂಗುವಂತೆ ನೋಡಿದಳು.

"ಲೇ ತಮ್ಮಾ, ಹೊತ್ತ ಬಂತಂದ್ರ ನಾಕ ಮಂದಿ ಅಡ್ಡ ಮಲಗಿಸೇ ಒಯ್ತಾರ. ಅಲ್ಲೀತನಾ ನಾ ಕುಂತ ಹೋಗಾಕಿ. ಕುಂತ ಹೋಗಾಕ ಆಗಲಿಲ್ಲಂದ್ರ ಮನ್ಯಾಗ ಇರಾಕಿ."

ಹಾಗೆ ಮನೆಯಲ್ಲೇ ಉಳಿದಳು. ನಾಗರಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರುವುದು ನಮ್ಮಲ್ಲಿ ಹೇಳಿಸಿಕೊಂಡು ಮಾಡುವ ಪದ್ಧತಿಯಲ್ಲ. ಬರುತ್ತಾರೆ, ಅಷ್ಟೇ. ಜೋಕಾಲಿ ಕಟ್ಟಬೇಕು, ಉಂಡಿ ಕಟ್ಟಬೇಕು, ಅಕ್ಕ ಬಂದು "ಉಂಡಿಗೆ ಬೆಲ್ಲ ಕಡಿಮಿ ಆಗೇತಿ" ಎಂದು ನನ್ನ ಹೆಂಡತಿಯ ತಪ್ಪು ಹಿಡಿಯಬೇಕು. ಅಕ್ಕ ಬಾರದ ಮೊದಲ ವರ್ಷ ನನ್ನ ಹೆಂಡತಿ ಉಂಡಿ ತಿಂದು, "ಬೆಲ್ಲ ಸರಿ ಆಗೇತೋ ಏನೋ, ಯಾರ್ನ ಕೇಳೂದು?" ಎಂದಳು. ಅದರ ಮರುವರ್ಷವೂ ಅಕ್ಕ ಬರಲಿಲ್ಲ. ಆಮೇಲೆಯೇ ದಾಜಿ ನನ್ನ ಅಂಗಡಿಗೆ ಬಂದು ಚಹಾ ಕುಡಿದದ್ದು.

ಮಾಸ್ತರಿಕೆ ಮಾಡಿದವರಲ್ಲವೇ? ಮೊದಲು ಅಳತೆ. ಅಕ್ಕನನ್ನು ಗೋಡೆಗೆ ಬೆನ್ನು ಕೊಟ್ಟು ಕೂರಿಸಿ, ಬೆನ್ನಿನಿಂದ ಪಾದದ ತುದಿಯವರೆಗೆ ಅಳೆದು, ಅಷ್ಟೇ ಉದ್ದದ ಒಂದು ಬಿದಿರಿನ ಕೋಲು ಕತ್ತರಿಸಿಕೊಂಡರು. ಆ ಕೋಲು ಹಿಡಿದು ಊರೂರು ತಿರುಗಿದರು! ರಾಯಬಾಗದಲ್ಲಿ, ಚಿಕ್ಕೋಡಿಯಲ್ಲಿ, ಅಥಣಿಯಲ್ಲಿ, ಎಲ್ಲಿ ಗಾಡಿ ನಿಂತಿದ್ದರೂ ಹತ್ತಿರ ಹೋಗುವುದು, ಬಾಗಿಲು ತೆಗೆಯುವುದು, ಕೋಲಿನ ಒಂದು ತುದಿ ಸೀಟಿನ ಬೆನ್ನಿಗೆ ಹಚ್ಚಿ ಇನ್ನೊಂದು ತುದಿ ಎಲ್ಲಿ ಬಡಿಯುತ್ತದೆ ನೋಡುವುದು, ತಲೆ ಅಲ್ಲಾಡಿಸಿ ಬಾಗಿಲು ಹಾಕುವುದು. ಅಥಣಿಯಲ್ಲಿ ಒಬ್ಬ ವರ ತನ್ನ ಮದುವೆಯ ಗಾಡಿಯಲ್ಲಿ ಬಾಸಿಂಗ ಕಟ್ಟಿಕೊಂಡು ಕೂತಿದ್ದನಂತೆ. ಇವರು ಬಾಗಿಲು ತೆಗೆದು, "ಸ್ವಲ್ಪ ಕಾಲ ತಗೀತೀರೇನ್ರಿ?" ಎಂದರಂತೆ. ಪಾಪ, ಏನೋ ಶಾಸ್ತ್ರ ಇರಬೇಕೆಂದು ವರ ಕಾಲು ಎತ್ತಿದನಂತೆ!

ದಿಗ್ಗೇವಾಡಿಗೆ ಹೋದಾಗ ಇದನ್ನು ಕೇಳಿ ನಾನು ಬೆಚ್ಚಿಬಿದ್ದೆ. "ದಾಜಿ, ಈ ಕೋಲ ಹಿಡಕೊಂಡ ಮಂದಿ ಗಾಡಿ ಬಾಗಿಲಾ ತಗದ್ರ ಪೊಲೀಸರು ಒಯ್ತಾರ್ರಿ!"

"ಇದು ಕೋಲ ಅಲ್ಲ ಶೇಠ. ನಿಮ್ಮ ಅಕ್ಕನ ಕಾಲು."

ಅಕ್ಕ ಒಳಗಿನಿಂದ ಕೂಗಿದಳು: "ನನ್ನ ಕಾಲ ಹಿಡಕೊಂಡ ಮೂರ ತಾಲೂಕ ಅಡ್ಡಾಡತಾರ. ಮನ್ಯಾಗ ಕುಂತ ಒಂದೀಟ ಎಣ್ಣಿ ತಿಕ್ಕರಿ ಅಂದ್ರ ಟೈಮಿಲ್ಲ!"

ಕೊನೆಗೆ ಆ ಕೋಲು ಸರಿಹೊಂದಿದ್ದು ನಿಪ್ಪಾಣಿಯಲ್ಲೇ, ಒಂದು ಹಳೆಯ ತಂಬಾಕು ಗೋದಾಮಿನ ಹಿಂದೆ, ಜಾಲಿಗಿಡದ ಕೆಳಗೆ. ಒಂದು ಕಾಲಕ್ಕೆ ತಂಬಾಕಿನ ಚೀಲ ಹೊರುತ್ತಿದ್ದ ಅಮೆರಿಕದ ಪಿಕಪ್ ಟ್ರಕ್. ಉಬ್ಬಿದ ಮೂತಿ, ದುಂಡನೆಯ ದೀಪ, ಒಳಗೆ ಮಂಚದಂಥ ಒಂದೇ ಉದ್ದನೆಯ ಸೀಟು. ಎಂಜಿನ್ ಇಲ್ಲ, ಗಾಜಿಲ್ಲ, ಒಳಗೊಂದು ಕೋಳಿ ಕಾವು ಕೂತಿತ್ತು.

ಹೋಗುವ ಮುಂಚೆ ದಾಜಿಗೆ ಪಾಠ ಮಾಡಿದ್ದೆ. ನೀವೂ ಕೇಳಿ, ಕೆಲಸಕ್ಕೆ ಬರುತ್ತದೆ: ಕೊಳ್ಳಬೇಕಾದ ವಸ್ತುವಿನ ಕಡೆ ನೋಡಬಾರದು. ಪಕ್ಕದಲ್ಲಿ ಬಿದ್ದ ಬೇರೆ ಯಾವುದಾದರೂ ವಸ್ತುವಿನ ಬೆಲೆ ಕೇಳಬೇಕು. ಆಕಳಿಸಬೇಕು. ಹೊರಡಲು ಎದ್ದು ನಿಂತ ಮೇಲೆ, "ಅಂದಂಗ ಆ ಡಬ್ಬಾ ಏನ್ ಮಾಡತೀರಿ?" ಎನ್ನಬೇಕು. ನಾನು ತುಕ್ಕು ಹಿಡಿದ ತೂಕದ ಕಾಟಾದ ಬೆಲೆ ಕೇಳಿದೆ. ಆಕಳಿಸಿದೆ. ಗೋದಾಮಿನ ಮಾಲೀಕರೂ ಆಕಳಿಸಿದರು. ಎಲ್ಲ ಸುಸೂತ್ರ ನಡೆದಿತ್ತು. ಅಷ್ಟರಲ್ಲಿ ಜಾಲಿಗಿಡದ ಕೆಳಗಿನಿಂದ ಕೋಳಿ ಕೂಗಿಕೊಂಡು ಹಾರಿಬಂತು, ಅದರ ಹಿಂದೆಯೇ ದಾಜಿಯ ದನಿ:

"ಹತ್ತಿತ್ರೀ ಶೇಠ! ಹತ್ತಿತು! ಇದ ಬೇಕು! ಇದನ್ನ ಬಿಟ್ಟ ಬ್ಯಾರೇ ಬ್ಯಾಡಾ! ಮ್ಯಾಲ ನಾಕ ಬೆರಳ ಉಳದೈತಿ!"

ಮಾಲೀಕರ ಆಕಳಿಕೆ ಅರ್ಧಕ್ಕೇ ನಿಂತಿತು. ನನ್ನ ಎದೆಯೂ ನಿಂತಿತು ಎಂದೇ ತಿಳಿಯಿರಿ. ಅಷ್ಟು ವರ್ಷಗಳ ವ್ಯಾಪಾರದಲ್ಲಿ ಕೊಳ್ಳುವವನು ಹಾಗೆ ಕುಣಿದದ್ದನ್ನು ನಾನು ನೋಡಿರಲಿಲ್ಲ. ಆಮೇಲೆ ನಡೆದದ್ದನ್ನು ಚೌಕಾಶಿ ಎನ್ನಲು ನನಗೆ ನಾಚಿಕೆ. ಮಾಲೀಕರು ಕೇಳಿದ್ದನ್ನು ಕೊಟ್ಟೆವು. ಅವರು ಖುಷಿಯಿಂದ ಒಂದು ಬೀಗದಕೈ ಮೇಲಾಗಿ ಕೊಟ್ಟರು. ಅದು ಆ ಟ್ರಕ್ಕಿನದೂ ಅಲ್ಲ.

ಇನ್ನು ಕಟ್ಟುವ ಕೆಲಸ. ಚಿಕ್ಕೋಡಿಯ ಇಕ್ಬಾಲ್ ಮಿಸ್ತ್ರಿ ನನ್ನ ಹಳೆಯ ಗಿರಾಕಿ. ವೆಲ್ಡಿಂಗ್, ಲೇಥ್, ಗಾಡಿ ಕೆಲಸ ಎಲ್ಲ ಬಲ್ಲವನು. ದಿಗ್ಗೇವಾಡಿಯ ದಾಜಿಯ ಹಿತ್ತಲಿನ ಶೆಡ್ಡಿಗೇ ಬಂದು ಮಾಡಿಕೊಡಲು ಒಪ್ಪಿದ. ಜೀಪಿನದೊಂದು ಡೀಸೆಲ್ ಎಂಜಿನ್ ತಂದು ಕೂರಿಸಿದ. ಕೂರಿಸಿ, ಎರಡು ಹೆಜ್ಜೆ ಹಿಂದೆ ಸರಿದು, "ಯಾ ಅಲ್ಲಾ" ಎಂದ.

ಏನಾಗಿತ್ತೆಂದರೆ, ಡ್ರೈವರನ ಕೈಯಲ್ಲಿರುವ ಚಕ್ರದಿಂದ ಕೆಳಗೆ ಮುಂದಿನ ಗಾಲಿಯ ಹತ್ತಿರವಿರುವ ಸ್ಟೇರಿಂಗ್ ಡಬ್ಬಿಯವರೆಗೆ ಒಂದು ಉಕ್ಕಿನ ರಾಡು ಹೋಗಬೇಕು. ಹಳೆಯ ಎಂಜಿನ್ ಸಣ್ಣದಿತ್ತು, ರಾಡು ನೆಟ್ಟಗೆ ಹೋಗುತ್ತಿತ್ತು. ಹೊಸ ಎಂಜಿನ್ನಿನ ಹೊಗೆ ಬಿಡುವ ಕೊಳವೆಗಳು ಸರಿಯಾಗಿ ಆ ದಾರಿಯಲ್ಲೇ ಬಂದು ಕೂತಿದ್ದವು. ರಾಡು ಅಲ್ಲಿಂದ ಹೋದರೆ ಕೊಳವೆಗೆ ತಾಗುತ್ತದೆ, ತಾಗಿದರೆ ಕಾಯುತ್ತದೆ, ಕಾದರೆ ಸ್ಟೇರಿಂಗ್ ಹಿಡಿದುಕೊಳ್ಳುತ್ತದೆ. ಹಿಡಿದುಕೊಂಡರೆ ತವರುಮನೆಯ ಬದಲು ಕೃಷ್ಣಾ ನದಿಗೆ ಹೋಗಬೇಕಾಗುತ್ತದೆ.

ಇಕ್ಬಾಲ್ ಅಂದ: "ಸಿಂಪಲ್ ಐತ್ರಿ ಮಾಸ್ತರ. ಎಂಜಿನ್ ನಾಕ ಬೆರಳ ಎಡಕ್ಕ ಸರಸೂಣು. ರಾಡ್ ಸೀದಾ ಹೊಕ್ಕೈತಿ."

ದಾಜಿ ಬಿದಿರಿನ ಕೋಲು ತಂದರು, ಸೀಟಿಗೆ ಹಚ್ಚಿದರು, ತುದಿ ತೋರಿಸಿದರು. ಎಂಜಿನ್ ಎಡಕ್ಕೆ ಸರಿದರೆ ಅದರ ಗೇರ್‌ಬಾಕ್ಸಿನ ಡುಬ್ಬ ಅಕ್ಕನ ಪಾದವಿರುವಲ್ಲಿಗೆ ಬರುತ್ತದೆ.

"ಒಂದೀಟ ಕಾಲ ಓರೆ ಇಟಗೊಂಡ್ರ?" ಎಂದೆ ನಾನು, ಸಲಹೆ ಕೊಡುವ ಚಟಕ್ಕೆ.

"ಓರೆ ಇಡಾಕ ಬರತಿದ್ರ ನಿಮ್ಮ ಕಾರಿನ್ಯಾಗ ಬರತಿದ್ಲಲ್ಲ?" ಎಂದರು ದಾಜಿ. "ಎಂಜಿನ್ ಸರಿಯಂಗಿಲ್ಲ. ರಾಡ್ ಸರೀಲಿ."

ಉಕ್ಕಿನ ರಾಡಿಗೆ ಸರಿ ಎಂದರೆ ಸರಿಯುತ್ತದೆಯೇ? ಆದರೆ ನಮ್ಮ ದಾಜಿ ಆಗಲೇ ಮೊಬೈಲಿನಲ್ಲಿ ವಿದ್ಯಾಭ್ಯಾಸ ಶುರುಮಾಡಿದ್ದರು. ಅಮೆರಿಕದಲ್ಲಿ ಹಳೆಯ ಟ್ರಕ್ಕು ಕಟ್ಟುವ ಗಡ್ಡದವರ ವಿಡಿಯೋಗಳು. ಅವರು ಇಂಗ್ಲಿಷಿನಲ್ಲಿ ಹೇಳುವುದು, ಇವರು ಹಿಂದಿಯಲ್ಲಿ ಉತ್ತರ ಕೊಡುವುದು! "ಗಲತ್, ಬಿಲ್ಕುಲ್ ಗಲತ್" ಎಂದು ಮೊಬೈಲಿಗೇ ಬೈಯುವುದನ್ನು ನಾನೇ ಕೇಳಿದ್ದೇನೆ. ಅಲ್ಲಿಂದ ಕಲಿತದ್ದು ಇಷ್ಟು: ಒಂದೇ ರಾಡನ್ನು ಬಗ್ಗಿಸಬಾರದು. ಅದನ್ನು ತುಂಡು ಮಾಡಿ ನಡುನಡುವೆ ಕೈಯ ಮಣಿಕಟ್ಟಿನಂತೆ ತಿರುಗುವ ಕ್ರಾಸ್ ಜಾಯಿಂಟ್ ಹಾಕಬೇಕು. ಒಂದೊಂದು ಜಾಯಿಂಟು ಬಹಳ ಬಾಗಬಾರದು, ಬಾಗಿದರೆ ಬಿಗಿಯುತ್ತದೆ. ಜಾಯಿಂಟು ಹೆಚ್ಚಾದರೆ ರಾಡು ಜೋತುಬೀಳುತ್ತದೆ, ಆಗ ನಡುವೆ ಒಂದು ಬೇರಿಂಗ್ ಕೂರಿಸಿ ಅದಕ್ಕೆ ಆಸರೆ ಕೊಡಬೇಕು.

"ಮೊದಲ ಸುಳ್ಳು ರಾಡ್ ಮಾಡಿ ದಾರಿ ನೋಡಬೇಕಂತ," ಎಂದರು ದಾಜಿ. "ಆ ಗಡ್ಡದಾವರು ಕಟಗಿ ಗೂಟ ತಗೋತಾರ. ನಮಗ್ಯಾಕ ಕಟಗಿ?"

ಸುತ್ತ ಎಲ್ಲಿ ನೋಡಿದರೂ ಕಬ್ಬು. ನೆಟ್ಟಗಿರುತ್ತದೆ, ರಾಡಿನಷ್ಟೇ ದಪ್ಪ, ಕುಡುಗೋಲಿನಿಂದ ಕತ್ತರಿಸಬಹುದು, ಕೇಳಿದರೆ ಯಾರೂ ಇಲ್ಲವೆನ್ನುವುದಿಲ್ಲ. ಕಬ್ಬಿನ ತುಂಡುಗಳನ್ನು ಸೈಕಲ್ ಟ್ಯೂಬಿನಿಂದ ಜೋಡಿಸಿ, ಸ್ಟೇರಿಂಗ್ ಚಕ್ರದಿಂದ ಡಬ್ಬಿಯವರೆಗೆ, ಕೊಳವೆಗಳನ್ನು ತಪ್ಪಿಸಿ, ದಾಜಿ ಮತ್ತು ಇಕ್ಬಾಲ್ ಸಂಜೆಯವರೆಗೆ ಹೆಣಗಿ ಒಂದು ದಾರಿ ಹಿಡಿದರು. ಅದರ ಫೋಟೋ ನನಗೆ ಕಳಿಸಿ, "ಪರಿಪೂರ್ಣ್" ಎಂದು ಹಿಂದಿಯಲ್ಲಿ ಬರೆದಿದ್ದರು. ಅಳತೆ? ಅಳತೆ ಬೆಳಿಗ್ಗೆ ತೆಗೆದುಕೊಂಡರಾಯಿತು ಎಂದು ಮಲಗಿದರು.

ಬೆಳಿಗ್ಗೆ ಶೆಡ್ಡಿನಲ್ಲಿ ಪಕ್ಕದ ಮನೆಯ ಎಮ್ಮೆ! ಬಾನೆಟ್ಟಿನೊಳಗೆ ತಲೆ ಹಾಕಿ ನಿಂತಿತ್ತು. ಡಬ್ಬಿಯ ಕಡೆಯಿಂದ ಶುರುಮಾಡಿ, ಜಾಯಿಂಟು ಬಿಟ್ಟು ಜಾಯಿಂಟು, ಇಡೀ ಸ್ಟೇರಿಂಗ್ ತಿಂದು, ಕೊನೆಯ ತುಂಡನ್ನು ಎಳೆಯುತ್ತಿತ್ತು. ಟ್ಯೂಬನ್ನು ಮಾತ್ರ ಉಗುಳಿತ್ತು.

ಬೇರೆಯವರಾಗಿದ್ದರೆ ಬಡಿಗೆ ಹಿಡಿಯುತ್ತಿದ್ದರು. ದಾಜಿ ಏನು ಮಾಡಿದರು ಗೊತ್ತೇ? "ತಡೀ, ತಡೀ, ಎಳೀಬ್ಯಾಡಾ, ಹಂಗ ಹಿಡಕೊಂಡ ನಿಂದರು!" ಎಂದು ಎಮ್ಮೆಯ ಬಾಯಲ್ಲಿದ್ದ ತುಂಡಿನ ಓರೆ ಅಳೆಯಲು ಟೇಪು ತರಲು ಓಡಿದರು! ಬರುವಷ್ಟರಲ್ಲಿ ಅದೂ ಹೋಗಿತ್ತು.

ಎಮ್ಮೆಯ ಒಡತಿ ಕೈಮುಗಿದು, "ಮಾಸ್ತರ, ಏನ ತಿಂದೈತ್ರಿ ಅದು?" ಎಂದಳು.

ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದ ಅಕ್ಕ ಉತ್ತರ ಕೊಟ್ಟಳು: "ನಮ್ಮ ಗಾಡಿ ತಿಂದೈತವ್ವಾ. ಹಾಲ ಹಿಂಡಿದಾಗ ನೋಡು, ಗೇರ್ ಬಿದ್ರೂ ಬೀಳಬಹುದು."

ಎರಡನೆಯ ಸಲ ಮತ್ತೆ ಕಬ್ಬೇ. ಆದರೆ ಬೇವಿನೆಣ್ಣೆ ಸವರಿದ ಕಬ್ಬು. ನಾನು ಪಿವಿಸಿ ಪೈಪು ತಗೊಳ್ಳಿ ಎಂದು ತಲೆ ಚಚ್ಚಿಕೊಂಡೆ. "ಬಾಗಿದ್ದ ಕಾಣಬೇಕಲ್ಲ ಶೇಠ, ಕಬ್ಬಿಗೆ ಗೆಣಿಕಿ ಇರತಾವು, ಎಲ್ಲಿ ತಿರಗೇತಿ ಗೊತ್ತಾಗತೈತಿ" ಎಂದರು. ಕಬ್ಬಿನ ಗಿಣ್ಣು ಎಣಿಸಿ ಸ್ಟೇರಿಂಗ್ ಅಳೆದವರು ಜಗತ್ತಿನಲ್ಲಿ ಇನ್ನೊಬ್ಬರಿದ್ದರೆ ನನಗೆ ತಿಳಿಸಿ!

ಅಂತೂ ಅಳತೆ ಸಿಕ್ಕಿತು. ನಾನು ಒಳ್ಳೆಯ ಜಾಯಿಂಟುಗಳನ್ನು ತರಿಸಿಕೊಟ್ಟೆ. (ಇದು ಸಲಹೆ: ಹಳೆಯದರಲ್ಲಿ ಎಲ್ಲವನ್ನೂ ಕೊಳ್ಳಿ, ಸ್ಟೇರಿಂಗ್ ಮತ್ತು ಬ್ರೇಕು ಬಿಟ್ಟು. ಹಳೆಯ ಸಾಮಾನು ಮಾರುವವನೇ ಹೇಳುತ್ತಿದ್ದೇನೆ.) ಇಕ್ಬಾಲ್ ರಾಡು ಕತ್ತರಿಸಿದ, ಕೂರಿಸಿದ. ಪರೀಕ್ಷೆಯ ದಿನ ನನ್ನನ್ನೂ ಕರೆದರು.

ಹಿತ್ತಲು ವಿಶಾಲವಾಗಿತ್ತು. ಎಡಕ್ಕೆ ಅಕ್ಕನ ಕುಳ್ಳಿನ, ಅಂದರೆ ಬೆರಣಿಯ, ಒಟ್ಟಿಲು, ಬಲಕ್ಕೆ ಬಯಲು. ದಾಜಿ ಗಂಭೀರವಾಗಿ ಹತ್ತಿದರು, ಎಂಜಿನ್ ಗುಡುಗಿತು, ಗಾಡಿ ಹೊರಟಿತು. ದಾಜಿ ಚಕ್ರವನ್ನು ಬಲಕ್ಕೆ ತಿರುಗಿಸಿದರು. ನಾನು ಕಣ್ಣಾರೆ ನೋಡಿದೆ, ಬಲಕ್ಕೆ! ಗಾಡಿ ಎಡಕ್ಕೆ ತಿರುಗಿತು. ಇನ್ನೂ ಜೋರಾಗಿ ಬಲಕ್ಕೆ ತಿರುಗಿಸಿದರು, ಅದು ಇನ್ನೂ ಜೋರಾಗಿ ಎಡಕ್ಕೆ ಹೋಗಿ ಕುಳ್ಳಿನ ಒಟ್ಟಿಲಿಗೆ ನುಗ್ಗಿ ನಿಂತಿತು. ನಾನು ಅಲ್ಲೇ ಕೂತುಬಿಟ್ಟೆ.

"ಮುಂಜಾನಿಂದ ಬಡಕೋಳಾಕತ್ತೀನಿ, ಮಳಿ ಬರತೈತಿ, ಕುಳ್ಳ ಒಳಗ ಇಡ್ರಿ ಅಂತ," ಎಂದಳು ಅಕ್ಕ. "ಕುಳ್ಳ ಹೊರಗ ಉಳದ್ವು, ಗಾಡಿ ಒಳಗ ಹೋತು."

ಇಕ್ಬಾಲ್ ಕೆಳಗೆ ತೂರಿ ನೋಡಿ ಹಣೆ ಹಣೆ ಬಡಿದುಕೊಂಡ. ಜಾಗ ಸಾಲದೆ ಸ್ಟೇರಿಂಗ್ ಡಬ್ಬಿಯನ್ನು ತಲೆಕೆಳಗು ಮಾಡಿ ಕೂರಿಸಿದ್ದ. ಹಾಗೆ ಕೂರಿಸಿದರೆ ಎಡಬಲ ಅದಲುಬದಲಾಗುತ್ತದೆ. ಎಲ್ಲ ಬಿಚ್ಚಿ ಮತ್ತೆ ಮಾಡಬೇಕು. ಆಗ ದಾಜಿ ಮುಖದ ಮೇಲಿನ ಸಗಣಿಯ ಪುಡಿ ಒರೆಸಿಕೊಳ್ಳುತ್ತ ಒಂದು ಮಾತು ಹೇಳಿದರು. ಕೇಳಿ ನಾನು ಇನ್ನೊಮ್ಮೆ ಕೂರಬೇಕಾಯಿತು, ಮೊದಲೇ ಕೂತಿದ್ದೆನಾದ್ದರಿಂದ ಉಳಿದುಕೊಂಡೆ.

"ಬಿಚ್ಚೂದ ಯಾಕ? ನಾನ ಉಲ್ಟಾ ತಿರಗಸೂದ ಕಲೀತೀನಿ. ಹಿಂದಿ ಎಡದಿಂದ ಬಲಕ್ಕ ಬರೀತಾರ, ಉರ್ದು ಬಲದಿಂದ ಎಡಕ್ಕ. ಎರಡೂ ಬರಿಯಾಕ ಬರತೈತಿ ನನಗ. ಇದೇನ ದೊಡ್ಡದು?"

ಇಕ್ಬಾಲ್ ಗಾಡಿಯ ಕೆಳಗಿನಿಂದಲೇ ಹೇಳಿದ: "ಮಾಸ್ತರ, ಬರಿಯೂದ ತಪ್ಪಿದ್ರ ರಬ್ಬರ್ ಐತಿ. ಚಿಕ್ಕೋಡಿ ರಸ್ತಾದಾಗ ಕಬ್ಬಿನ ಟ್ರ್ಯಾಕ್ಟರ್ ಎದರ ಬಂದ್ರ ಏನ ಐತಿ?"

ದಾಜಿ ಅಕ್ಕನ ಕಡೆ ನೋಡಿದರು. ಅಕ್ಕ ತನ್ನ ಚಾಚಿದ ಕಾಲಿನ ಕಡೆ ನೋಡಿದಳು. "ಬಿಚ್ಚಪಾ ಇಕ್ಬಾಲ್," ಎಂದರು ದಾಜಿ.

ಡಬ್ಬಿ ನೆಟ್ಟಗಾಯಿತು. ದಾರಿ ಬದಲಾಯಿತು, ಜಾಯಿಂಟು ಒಂದು ಹೆಚ್ಚಿತು. ಈ ಸಲ ಗಾಡಿ ಹೇಳಿದ ಕಡೆಗೇ ತಿರುಗಿತು, ಆದರೆ ಚಕ್ರ ಒಮ್ಮೆ ಹಗುರ, ಒಮ್ಮೆ ಬಿಗಿ, ಮತ್ತೆ ಹಗುರ, ಮತ್ತೆ ಬಿಗಿ. ನನಗೆ ಹೆದರಿಕೆ, ದಾಜಿಗೆ ಪರಮಾನಂದ!

"ಕೇಳ್ರಿ ಶೇಠ, ಲಘು, ಗುರು, ಲಘು, ಗುರು. ಛಂದಸ್ಸಿನ್ಯಾಗ ತಿರಗತೈತಿ!"

"ಛಂದಸ್ಸ ಹೋಗ್ಲಿ, ತಿರುವಿನ್ಯಾಗ ಗುರು ಬಂದ್ರ ಗತಿ ಏನ್ರಿ?" ಎಂದೆ.

ಆ ರಾತ್ರಿ ಅವರು ಗಡ್ಡದವರನ್ನು ಮತ್ತೆ ವಿಚಾರಿಸಿರಬೇಕು. ಮರುದಿನ ಫೋನು ಬಂತು. ರಾಡಿನ ಎರಡೂ ತುದಿಯ ಜಾಯಿಂಟಿನ ಕವಲುಗಳು, ಅಂದರೆ ಇಕ್ಬಾಲ್ ಕಿವಿ ಎನ್ನುವಂಥವು, ಒಂದೇ ಸಾಲಿನಲ್ಲಿರಬೇಕಂತೆ. ಒಂದು ಅಡ್ಡ ಒಂದು ಉದ್ದ ಇದ್ದರೆ ಹೀಗೆ ಹಗುರ-ಬಿಗಿ ಆಗುತ್ತದೆಯಂತೆ. "ಕಿವಿ ಹಿಡದ ಸಾಲಿನ್ಯಾಗ ನಿಲ್ಲಸೂದು ಜೀವನಾ ಪೂರ್ತಿ ಮಾಡೀನಿ. ಅದು ಗೊತ್ತಾಗಲಿಲ್ಲ ನೋಡ್ರಿ ನನಗ!" ಎಂದು ತಮ್ಮನ್ನು ತಾವೇ ಬೈದುಕೊಂಡರು.

ಅಷ್ಟರಲ್ಲಿ ಶ್ರಾವಣ ಬಂದುಬಿಟ್ಟಿತ್ತು. ಕೊನೆಯ ಬೇರಿಂಗು ಕೂರಿಸಿದಾಗ ನಾನಿರಲಿಲ್ಲ, ಸಾಮಾನು ಖರೀದಿಗೆ ಹೋಗಿದ್ದೆ. ಆರ್‌ಟಿಒ ತಪಾಸಣೆಯ ಸಾಹೇಬರು ಬಂದು ನೋಡಿ, ತಿರುಗಿಸಿ, ಕೆಳಗೆ ಬಗ್ಗಿ, ಒಪ್ಪಿಗೆ ಕೊಟ್ಟರೆಂದು ಸುದ್ದಿ ಬಂತು. ನಾನು ನಂಬಲಿಲ್ಲ. ಪಂಚಮಿಯ ಬೆಳಿಗ್ಗೆ ಜೋಕಾಲಿ ಕಟ್ಟಿಸುವಾಗಲೂ ನನ್ನ ಕಾರಿಗೆ ಡೀಸೆಲ್ ತುಂಬಿಸಿ ಇಟ್ಟಿದ್ದೆ, ದಾರಿಯಲ್ಲಿ ಎಲ್ಲಾದರೂ ನಿಂತಿದ್ದೇವೆ ಎಂಬ ಫೋನು ಬಂದರೆ ಹೋಗಲು.

ಫೋನು ಬರಲಿಲ್ಲ. ಹಾರ್ನು ಬಂತು. ಎಮ್ಮೆ ಕರೆದಂಥ ಹಾರ್ನು. ಓಣಿಯ ತಿರುವಿನಲ್ಲಿ ಹಸಿರು ಬಣ್ಣದ, ಮಳೆಯಲ್ಲಿ ತೊಯ್ದು ಹೊಳೆಯುವ ಟ್ರಕ್ಕು! ಒಳಗೆ ನಮ್ಮ ಅಕ್ಕ, ಕಿಟಕಿಯ ಮೇಲೆ ಮೊಣಕೈ ಊರಿ, ಇಲಕಲ್ ಸೀರೆಯುಟ್ಟು, ನೆಟ್ಟಗೆ ಕೂತು ಬರುತ್ತಿದ್ದಳು. ಓಣಿಯ ಮಂದಿಯೆಲ್ಲ ಹೊರಗೆ ಬಂದರು. ನಾನು ಬಾಗಿಲಲ್ಲಿ ಜೋಕಾಲಿಯ ಹಗ್ಗ ಹಿಡಿದು ನಿಂತವನು ನಿಂತೇ ಇದ್ದೆ. ನನ್ನ ಹೆಂಡತಿ ಅಳುತ್ತ ಆರತಿ ತಂದಳು. ಅಕ್ಕ ಇಳಿದು, ಉಂಡಿ ಬಾಯಿಗೆ ಹಾಕಿಕೊಂಡು, "ಬೆಲ್ಲ ಕಡಿಮಿ ಆಗೇತಿ," ಎಂದಳು. ನನ್ನ ಹೆಂಡತಿ ಇನ್ನೂ ಜೋರಾಗಿ ಅತ್ತಳು.

ದಾಜಿ ಆ ಕಡೆಯಿಂದ ಇಳಿದರು. ಸ್ವಲ್ಪ ಕುಂಟುತ್ತಿದ್ದರು.

"ಏನ್ರಿ ದಾಜಿ, ಮನೀಗೆ ಒಂದ ಕೆಟ್ಟ ಕಾಲ ಸಾಲಲಿಲ್ಲೇನು?"

"ವಯಸ್ಸ ಆತಲ್ಲ ಶೇಠ," ಎಂದು ನಕ್ಕು ಒಳಗೆ ಹೋದರು.

ಹೋಳಿಗೆ ಊಟವಾಯಿತು. ದಾಜಿ ಜಗಲಿಯ ಚಾಪೆಯ ಮೇಲೆ ಅಡ್ಡಾದರು. ಅಕ್ಕ ಅವರಿಂದ ಸ್ವಲ್ಪ ದೂರದಲ್ಲಿ ಗೋಡೆಗೊರಗಿ ಕಾಲು ಚಾಚಿ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದಳು. ಆಗ ಹಾಲಿನ ವ್ಯಾನಿನವನು ಬಂದು ದಾರಿ ಬಿಡಿ ಎಂದ. ಮಲಗಿದವರನ್ನು ಯಾಕೆ ಎಬ್ಬಿಸುವುದು ಎಂದು ಬೀಗದಕೈ ತೆಗೆದುಕೊಂಡು ನಾನೇ ಹೋದೆ. ಆ ಟ್ರಕ್ಕಿನಲ್ಲಿ ಡ್ರೈವರನ ಜಾಗದಲ್ಲಿ ನಾನು ಕೂತದ್ದು ಅದೇ ಮೊದಲು.

ಕೂತೆ ಎಂದರೆ ತಪ್ಪು. ಸಿಕ್ಕಿಕೊಂಡೆ. ಬಲಮೊಣಕಾಲಿಗೆ ಏನೋ ಗಟ್ಟಿಯಾಗಿ ಬಡಿಯಿತು. ಬಗ್ಗಿ ನೋಡಿದೆ. ರಾಡು ಹೊಗೆಯ ಕೊಳವೆಯಿಂದ ದೂರ ಹೋಗಲೆಂದು ಕ್ಯಾಬಿನ್ನಿನ ಒಳಗೇ ಬಾಗಿಲಿನ ಕಡೆ ತಿರುಗಿತ್ತು. ಆ ತಿರುವಿಗೆ ಆಸರೆಯಾದ ಬೇರಿಂಗಿನ ಕಬ್ಬಿಣದ ಪಟ್ಟಿ ಸರಿಯಾಗಿ ಡ್ರೈವರನ ಮೊಣಕಾಲು ಇರಬೇಕಾದ ಕಡೆ ಕೂತಿತ್ತು. ಸೀಟು ಹಿಂದೆ ಸರಿಸೋಣವೆಂದರೆ ಒಂದೇ ಸೀಟು, ಕ್ಯಾಬಿನ್ನಿನ ಹಿಂದಿನ ಗೋಡೆಗೆ ಹತ್ತಿದ್ದು. ಎಡಗಡೆ ನೋಡಿದೆ. ಅಕ್ಕನ ಕಡೆ ಸಂತೆ ಹಾಸುವಷ್ಟು ಜಾಗ. ಇಲ್ಲಿ ನಾನು ಕಾಲನ್ನು ಹೊರಳಿಸಿ, ಮಡಚಿ, ತೂರಿಸಿ, ಅಂತೂ ಪೆಡಲು ಮುಟ್ಟಿದೆ. ಬ್ರೇಕಿನಿಂದ ಆಕ್ಸಿಲರೇಟರಿಗೆ ಪಾದ ಹೋದಾಗಲೆಲ್ಲ ಮೊಣಕಾಲು ಪಟ್ಟಿಗೆ ಬಡಿಯುತ್ತಿತ್ತು. ನನ್ನ ಓಣಿಯಷ್ಟು ದೂರ ಹಿಂದೆ ತೆಗೆಯುವಷ್ಟರಲ್ಲಿ ನನಗೆ ಸಾಕಾಯಿತು. ಈ ಮನುಷ್ಯ ದಿಗ್ಗೇವಾಡಿಯಿಂದ ರಾಯಬಾಗ ದಾಟಿ, ಚಿಕ್ಕೋಡಿಯ ಘಟ್ಟ ಹತ್ತಿಳಿದು, ಹೀಗೇ ಕೂತು ಬಂದಿದ್ದಾರೆ!

ಆದರೆ ಇನ್ನೊಂದು ಇತ್ತು. ಮೊಣಕಾಲು ಬಡಿದಾಗ ಅಷ್ಟು ನೋಯಬೇಕಿತ್ತು, ನೋಯಲಿಲ್ಲ. ಕೈಯಾಡಿಸಿದರೆ ಬಟ್ಟೆ ಸಿಕ್ಕಿತು.  ಸ್ಟೇರಿಂಗಿನ ರಾಡಿಗೆ ಬಟ್ಟೆ ಕಟ್ಟುತ್ತಾರೆಯೇ? ಸುತ್ತಿಕೊಂಡರೆ? ಮೊಬೈಲಿನ ಬೆಳಕು ಹಾಕಿ ನೋಡಿದೆ. ರಾಡಿಗಲ್ಲ. ತಿರುಗುವ ರಾಡಿನಿಂದ ಬೇರೆಯಾಗಿ, ಅಲುಗದ ಪಟ್ಟಿಗೆ ಮಾತ್ರ, ಅಂಗೈಯಗಲದ ಒಂದು ಪುಟ್ಟ ಕೌದಿ. ಹಳೆಯ ಸೀರೆಯ ಪದರದ ಮೇಲೆ ಪದರ, ಇರುವೆ ಸಾಲಿನಂಥ ಸಣ್ಣ ಹೊಲಿಗೆ, ಹಿಂದೆ ನಾಲ್ಕು ಲಾಡಿ ಬಿಗಿಯಾಗಿ ಗಂಟು ಹಾಕಿದ್ದು. ಆ ಹೊಲಿಗೆ ಯಾರದೆಂದು ನಾನು ಯಾರನ್ನೂ ಕೇಳಬೇಕಾಗಿರಲಿಲ್ಲ. ಚಿಕ್ಕಂದಿನಲ್ಲಿ ಅಕ್ಕ ಹೊಲಿದ ಕೌದಿ ಹೊದ್ದು ಬೆಳೆದವನು ನಾನು.

ಕಾಲು ಮಡಚಲಾಗದವಳು ಆ ಇಕ್ಕಟ್ಟಿನಲ್ಲಿ ಹೇಗೆ ಕೈ ಹಾಕಿದಳು? ಉದ್ದನೆಯ ಸೀಟಿನ ಮೇಲೆ ಅಡ್ಡ ಮಲಗಿರಬೇಕು. ಯಾರು ಹೇಳಿದರೂ ಗಾಡಿಯಲ್ಲಿ ಅಡ್ಡ ಮಲಗುವುದಿಲ್ಲ ಎಂದವಳು.

ನಾನು ಜಗಲಿಗೆ ಬಂದೆ. ದಾಜಿ ಕಣ್ಣು ತೆರೆದಿದ್ದರು.

"ದಾಜಿ, ಆ ಬೇರಿಂಗಿಗೆ ಗಾದಿ ಯಾರ ಕಟ್ಯಾರ್ರಿ?"

"ಯಾವ ಗಾದಿ?" ಎಂದು ದಾಜಿ ಆ ಕಡೆ ಹೊರಳಿ ಮಲಗಿದರು.

ಅಕ್ಕನ ಕಡೆ ನೋಡಿದೆ. ಎಲೆಗೆ ಸುಣ್ಣ ಹಚ್ಚುತ್ತಿದ್ದವಳು ತಲೆ ಎತ್ತಲಿಲ್ಲ.

"ಯಾವ ಗಾದಿನೋ ತಮ್ಮಾ?"

ನಾನು ಸಲಹೆ ಕೊಡುವ ಮನುಷ್ಯ. ಬೇರಿಂಗನ್ನು ಎರಡು ಬೆರಳು ಮೇಲೆತ್ತಿ ಎಂದು ಇಕ್ಬಾಲನಿಗೆ ಹೇಳಬಹುದಿತ್ತು. ಎತ್ತಬೇಕಾದರೆ ಆ ಕೌದಿ ಬಿಚ್ಚಬೇಕು. ಈವರೆಗೆ ಹೇಳಿಲ್ಲ.

ಸಂಜೆ ಹೊರಡುವ ಹೊತ್ತಿಗೆ ಮಳೆ ನಿಂತಿತ್ತು. ಅಕ್ಕ ಮೊದಲು ಹತ್ತಿ, ಕಾಲನ್ನು ಪೂರ್ತಿ ಚಾಚಿ, ಸೆರಗು ಸರಿಮಾಡಿಕೊಂಡು ಕೂತಳು. ದಾಜಿ ತಮ್ಮ ಬಾಗಿಲು ತೆಗೆದು, ಸೀಟಿನ ಅಂಚಿಗೆ ಕೂತು, ಬಲಗಾಲನ್ನು ಎರಡೂ ಕೈಯಲ್ಲಿ ಹಿಡಿದ ಕೂಡಲೇ ಅಕ್ಕ ಮುಖ ಹೊರಳಿಸಿದಳು. ಅವರು ಆ ಕಾಲನ್ನು ಓರೆ ಮಾಡಿ, ಎತ್ತಿ, ಒಳಗೆ ಸೇರಿಸಿಕೊಳ್ಳುವವರೆಗೂ ಅವಳು ತನ್ನ ಕಡೆಯ ಕಿಟಕಿಯಿಂದ ನಮ್ಮ ಮನೆಯ ಬರಿಯ ಗೋಡೆಯನ್ನೇ ನೋಡುತ್ತಿದ್ದಳು. ಬಾಗಿಲು ಹಾಕಿದ ಸದ್ದು ಕೇಳಿದ ಮೇಲೆ ಈ ಕಡೆ ತಿರುಗಿ, "ಹೂಂ, ಬಿಡ್ರಿ ಗಾಡಿ," ಎಂದಳು.